ಟೆಕ್ಸಾಸ್ ಹೋಲ್ಡೆಮ್ ಕಲಿಕೆ: ಮೂರು ಜೋಡಿ ಇದ್ದರೂ ಪಾಟ್ ಹಂಚಬೇಕಾ?

ಬಟವಾಡಿ ಮಹಡಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ಭಾನುವಾರ ಊಟ ಆದ ಮೇಲೆ ನಮ್ಮನೆ ಮಹಡಿಯಲ್ಲಿ ಆರು ಜನ ಎಲೆ ಹಿಡಿದು ಕೂರುತ್ತೇವೆ. ಮೊದಲಿಂದಲೂ ರಮ್ಮಿ, ಯುಗಾದಿ ಹೊಸತೊಡಕಿಗೆ ತೀನ್ ಪತ್ತಿ. ಈಗ ಎಲ್ಲರಿಗೂ ಟೆಕ್ಸಾಸ್ ಹೋಲ್ಡೆಮ್ ಅನ್ನುವ ಪೋಕರ್ ಆಟ ಕಲಿಯುವ ಆಸೆ ಬಂದಿದೆ. ದುಡ್ಡು ಇಡಲ್ಲ. ಹುಣಸೆ ಬೀಜವೇ ಚಿಪ್ಸ್, ನಡುವೆ ಕೂಡುವ ಬೀಜದ ರಾಶಿಯೇ ಪಾಟ್.

ಆಟ ಚೆನ್ನಾಗಿಯೇ ಸಾಗುತ್ತದೆ. ಕೊನೆಗೆ ಎಲೆ ತೆರೆದಾಗ ಜಗಳ. ಈ ವಾರ ಮೂರು ಜಗಳ ಆದವು, ಯಾರಾದರೂ ಬಗೆಹರಿಸಿ ಕೊಡಿ.

ಒಂದು. ಮಾವನ ಕೈಯಲ್ಲಿ ಐದರ ಜೋಡಿ. ತಮ್ಮನ ಕೈಯಲ್ಲಿ ರಾಣಿ, ಗುಲಾಮ. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ನೆಲಕ್ಕೆ ಬಿಡುವ ಮೊದಲ ಮೂರು ಎಲೆಯಲ್ಲಿ, ರಾಜ, ಎಂಟು, ಎಕ್ಕ ಬಿತ್ತು. ನಾಲ್ಕನೇ ಎಲೆ, ಟರ್ನ್, ಇನ್ನೊಂದು ಎಂಟು. ಅಲ್ಲಿ ಇಬ್ಬರೂ ಬೀಜ ಇಡದೆ ಚೆಕ್ ಅಂದರು. ಕೊನೆಯ ಎಲೆ, ರಿವರ್, ಇನ್ನೊಂದು ರಾಜ. ಯಾರಿಗೂ ಕಲರ್ (ಎಲ್ಲವೂ ಒಂದೇ ಗುರುತಿನ ಎಲೆ) ಆಗುವ ಹಾಗಿರಲಿಲ್ಲ. ಮಾವ ಹೇಳುತ್ತಾರೆ, "ನನಗೆ ರಾಜ, ಎಂಟು, ಐದು, ಮೂರು ಜೋಡಿ ಇದೆ. ಅವನ ಕೈಯಲ್ಲಿ ಏನೂ ಇಲ್ಲ. ಪಾಟ್ ನನ್ನದು." ತಮ್ಮ ಹೇಳುತ್ತಾನೆ, ಅರ್ಧ ಅರ್ಧ ಅಂತ.

ಎರಡು. ಒಬ್ಬರಿಗೆ ಕಲರ್, ಇನ್ನೊಬ್ಬರಿಗೆ ಸೀಕ್ವೆನ್ಸ್ (ಸಾಲು ಅಂಕೆ). ನಾವೆಲ್ಲ ಸೀಕ್ವೆನ್ಸ್ ದೊಡ್ಡದು ಅಂದೆವು. ಇಂಟರ್‌ನೆಟ್‌ನಲ್ಲಿ ಉಲ್ಟಾ ಇದೆ. ಏಕೆ?

ಮೂರು. ಭಾವನ ಹತ್ತಿರ 20 ಬೀಜ ಉಳಿದಿತ್ತು, ನನ್ನ ಹತ್ತಿರ 50, ಮಾವನ ಹತ್ತಿರ 80. ಮೂವರೂ ಆಲ್ ಇನ್, ಇದ್ದ ಬೀಜವನ್ನೆಲ್ಲ ಇಟ್ಟೆವು. ಭಾವನ ಕೈ ಎಲ್ಲರಿಗಿಂತ ದೊಡ್ಡದು, ಆಮೇಲೆ ನನ್ನದು. ಪೂರ್ತಿ 150 ಭಾವನಿಗೇ ಹೋಗುತ್ತದಾ?

ಮಾವನ ಕೊನೆಯ ಮಾತು, "ನಮ್ಮ ಮನೆ, ನಮ್ಮ ರೂಲ್." ಹಾಗೆ ಮಾಡಿಕೊಳ್ಳಬಹುದಾ?

ಅಂತರಗಂಗೆ, ಕೋಲಾರ:

ಬಟವಾಡಿಯವರೇ, ಮೂರು ಜಗಳಕ್ಕೂ ಬೇರು ಒಂದೇ. ಆಡುತ್ತಿರುವುದು ಹೋಲ್ಡೆಮ್, ತಲೆಯಲ್ಲಿರುವ ಲೆಕ್ಕ ತೀನ್ ಪತ್ತಿಯದು. ಕೋಲಾರದಲ್ಲಿ ನಮ್ಮ ಜೊತೆ ಹೊಸದಾಗಿ ಕೂರುವವರಿಗೂ ಇದೇ ತೊಡಕು.

ಮೊದಲ ಜಗಳದಲ್ಲಿ ನಿಮ್ಮ ತಮ್ಮ ಹೇಳಿದ್ದೇ ಸರಿ. ಪಾಟ್ ಅರ್ಧ ಅರ್ಧ. ಹೋಲ್ಡೆಮ್‌ನಲ್ಲಿ ಮೂರು ಜೋಡಿ ಅನ್ನುವ ಕೈಯೇ ಇಲ್ಲ. ಕೈಯಲ್ಲಿ ಎರಡು, ನೆಲದ ಮೇಲೆ ಐದು, ಒಟ್ಟು ಏಳು ಎಲೆ. ಅದರಲ್ಲಿ ಅತಿ ಒಳ್ಳೆಯ ಐದನ್ನು ಮಾತ್ರ ಎಣಿಸಬೇಕು. ಉಳಿದ ಎರಡು ಇದ್ದರೂ ಇಲ್ಲದ ಹಾಗೆ. ಈಗ ಮಾವನವರ ಐದು ಎಲೆ ಎಣಿಸಿ. ರಾಜ, ರಾಜ, ಎಂಟು, ಎಂಟು. ನಾಲ್ಕು ಜಾಗ ತುಂಬಿತು, ಒಂದೇ ಜಾಗ ಉಳಿಯಿತು. ಅಲ್ಲಿ ಐದು ಕೂರಬೇಕಾ, ಎಕ್ಕ ಕೂರಬೇಕಾ? ಎಕ್ಕವೇ ದೊಡ್ಡದು. ಐದರ ಜೋಡಿ ಪೂರ್ತಿ ಹೊರಗೆ ಹೋಯಿತು. ತಮ್ಮನ ಲೆಕ್ಕವೂ ಅದೇ: ರಾಜ, ರಾಜ, ಎಂಟು, ಎಂಟು, ಎಕ್ಕ. ಇಬ್ಬರೂ ನೆಲದ ಮೇಲಿನ ಐದು ಎಲೆಯನ್ನೇ ಆಡಿದ ಹಾಗಾಯಿತು.

ಒಂದು ಅಭ್ಯಾಸ ಮಾಡಿಕೊಳ್ಳಿ. ಶೋ ಆದಾಗ ಬಾಯಲ್ಲಿ ವಾದ ಬೇಡ. ಗೆದ್ದೆ ಅನ್ನುವವರು ತಮ್ಮ ಐದು ಎಲೆಯನ್ನು ಬೆರಳಲ್ಲಿ ಮುಂದಕ್ಕೆ ತಳ್ಳಲಿ, ಬೇಡದ ಎರಡನ್ನು ಹಿಂದಕ್ಕೆ ಎಳೆಯಲಿ. ಮುಂದೆ ಐದು ಎಲೆ ಮಾತ್ರ ಕಂಡಾಗ ಮೂರು ಜೋಡಿಯ ಮಾತೇ ಏಳುವುದಿಲ್ಲ.

ಮಾವನವರಿಗೆ ಬೇಜಾರಾದದ್ದು ಸಹಜ. ಟರ್ನ್‌ವರೆಗೂ ಅವರೇ ಮುಂದಿದ್ದರು, ಎಂಟರ ಜೋಡಿ ಮತ್ತು ಐದರ ಜೋಡಿ. ಆಗ ಕಾಣದೆ ಉಳಿದ ಎಲೆ 44. ರಾಣಿ ಅಥವಾ ಗುಲಾಮ ಬಿದ್ದರೆ ತಮ್ಮನಿಗೆ ದೊಡ್ಡ ಜೋಡಿ, ಅದು ಆರು ಎಲೆ. ಹತ್ತು ಬಿದ್ದರೆ ಸೀಕ್ವೆನ್ಸ್, ಅದು ನಾಲ್ಕು. ರಾಜ ಅಥವಾ ಎಕ್ಕ ಬಿದ್ದರೆ ಸಮ, ಅದು ಆರು. ಉಳಿದ 28 ಎಲೆಯಲ್ಲಿ ಯಾವುದು ಬಿದ್ದರೂ ಮಾವನವರೇ ಗೆಲ್ಲುತ್ತಿದ್ದರು. ಇಷ್ಟು ಮುಂದಿರುವಾಗ ಚೆಕ್ ಅಂದರೆ ಎದುರಿನವರಿಗೆ ರಿವರ್ ಎಲೆಯನ್ನು ಪುಕ್ಕಟೆ ತೋರಿಸಿದ ಹಾಗೆ. ಅಲ್ಲಿ ಬೆಟ್ ಇಡಬೇಕಿತ್ತು. ತಮ್ಮ ಎಲೆ ಎಸೆದರೆ ಪಾಟ್ ಅಲ್ಲೇ ಕೈಗೆ ಬರುತ್ತಿತ್ತು. ಎಸೆಯದೆ ಉಳಿದರೂ ಬೀಜ ಕೊಟ್ಟೇ ಉಳಿಯಬೇಕಿತ್ತು. ಕೈಯಲ್ಲಿ ಸಣ್ಣ ಜೋಡಿ ಇದ್ದು, ನೆಲದ ಮೇಲೂ ಜೋಡಿ ಬೀಳತೊಡಗಿದರೆ ಜಾಸ್ತಿ ಹುಷಾರಾಗಿರಬೇಕು. ನನ್ನ ಪ್ರಕಾರ ಹೊಸಬರು ಮೊದಲು ಕಲಿಯಬೇಕಾದ್ದು ಇದು. ಬ್ಲಫ್ ಆಮೇಲೆ ಕಲಿತರಾಯಿತು.

ಎರಡನೆಯದು. ಹೋಲ್ಡೆಮ್‌ನಲ್ಲಿ ಕಲರ್ ದೊಡ್ಡದು. ಯಾರೋ ಸುಮ್ನೆ ತಿರುಗಿಸಿ ಬರೆದ ನಿಯಮ ಅಲ್ಲ ಇದು. ಅಪರೂಪಕ್ಕೆ ಬರುವುದು ದೊಡ್ಡದು, ಅಷ್ಟೇ. ಮೂರು ಎಲೆಯ ಆಟದಲ್ಲಿ ಒಟ್ಟು 22,100 ಬಗೆಯ ಕೈ ಬರಬಹುದು. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಹಾಗಾಗಿ ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಮೇಲೆ. ಐದು ಎಲೆಗೆ ಬಂದರೆ ಒಟ್ಟು 25,98,960 ಕೈ. ಸೀಕ್ವೆನ್ಸ್ 10,200, ಕಲರ್ 5,108. ಒಂದೇ ಗುರುತಿನ ಐದು ಎಲೆ ಕೂಡಿಸುವುದು ಅಷ್ಟು ಕಷ್ಟ. ಎರಡು ಕಡೆಯೂ ಪ್ಯೂರ್ ಸೀಕ್ವೆನ್ಸ್ (ಒಂದೇ ಗುರುತಿನ ಸೀಕ್ವೆನ್ಸ್) ಬಿಟ್ಟು ಹೇಳಿದ ಲೆಕ್ಕ ಇದು.

ಇದೇ ಕಾರಣಕ್ಕೆ ಟ್ರೇಲ್ (ಒಂದೇ ಅಂಕೆಯ ಮೂರು) ಕೂಡ ಕೆಳಗೆ ಇಳಿಯುತ್ತದೆ. ತೀನ್ ಪತ್ತಿಯಲ್ಲಿ ಮೂರು ರಾಜ ಬಂದರೆ ಕುಣಿಯುತ್ತೇವೆ. ಇಲ್ಲಿ ಅದು ಸೀಕ್ವೆನ್ಸ್‌ಗೂ ಸೋಲುತ್ತದೆ. ಮೇಲಿಂದ ಕೆಳಗೆ ಹೇಳುವುದಾದರೆ ಪ್ಯೂರ್ ಸೀಕ್ವೆನ್ಸ್, ಒಂದೇ ಅಂಕೆಯ ನಾಲ್ಕು, ಫುಲ್ ಹೌಸ್ (ಒಂದೇ ಅಂಕೆಯ ಮೂರು, ಜೊತೆಗೆ ಒಂದು ಜೋಡಿ), ಕಲರ್, ಸೀಕ್ವೆನ್ಸ್, ಒಂದೇ ಅಂಕೆಯ ಮೂರು, ಎರಡು ಜೋಡಿ, ಒಂದು ಜೋಡಿ, ಆಮೇಲೆ ಬರೀ ದೊಡ್ಡ ಎಲೆ. ಎಕ್ಕ, ಎರಡು, ಮೂರು, ನಾಲ್ಕು, ಐದು ಇಲ್ಲಿ ಅತಿ ಸಣ್ಣ ಸೀಕ್ವೆನ್ಸ್. ಆಟೀನು ದೊಡ್ಡದಾ, ಇಸ್ಪೀಟು ದೊಡ್ಡದಾ ಅನ್ನುವ ಪ್ರಶ್ನೆಯೂ ಇಲ್ಲ. ಐದೂ ಎಲೆಯ ಅಂಕೆ ಸಮ ಇದ್ದರೆ ಪಾಟ್ ಹಂಚಲೇಬೇಕು.

"ನಮ್ಮ ಮನೆ, ನಮ್ಮ ರೂಲ್" ತೀನ್ ಪತ್ತಿಗೆ ನಡೆಯುತ್ತದೆ, ಅದು ಊರಿಗೊಂದು ಥರ ಇದೆ. ಹೋಲ್ಡೆಮ್ ಹಾಗಲ್ಲ. ಈ ಆಟದ ಹುಟ್ಟೂರು ರಾಬ್ಸ್‌ಟೌನ್ ಅಂತ ಟೆಕ್ಸಾಸ್ ಶಾಸನಸಭೆ 2007ರಲ್ಲಿ ಒಪ್ಪಿಕೊಂಡಿತು. ಅಲ್ಲಿಂದ ಹಿಡಿದು 1970ರಲ್ಲಿ ಲಾಸ್ ವೇಗಾಸ್‌ನಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ವರೆಗೂ ಎಲೆಯ ದರ್ಜೆ ಒಂದೇ. ಅದನ್ನು ಬದಲಿಸಿದರೆ ನಿಮ್ಮ ಮನೆಯಲ್ಲಿ ಕಲಿತವರು ಬೇರೆ ಎಲ್ಲೂ ಕೂತು ಆಡಲು ಆಗಲ್ಲ.

ಚಿಂತಾಮಣಿಯವ:

ಮೂರನೆಯದನ್ನು ನಾನು ಹೇಳುತ್ತೇನೆ. 150 ಪೂರ್ತಿ ಭಾವನವರಿಗೆ ಹೋಗಲ್ಲ. ಅವರು ಇಟ್ಟಿದ್ದು 20, ಪ್ರತಿಯೊಬ್ಬರಿಂದ ಅಷ್ಟನ್ನೇ ಗೆಲ್ಲಬಹುದು. ಮೂವರ 20 ಸೇರಿ 60, ಇದು ಮೇನ್ ಪಾಟ್, ಭಾವನವರದು. ನಿಮ್ಮ ಹತ್ತಿರ ಉಳಿದ 30ಕ್ಕೆ ಮಾವನವರ 30 ಸೇರಿ ಇನ್ನೊಂದು 60. ಇದು ಸೈಡ್ ಪಾಟ್. ಇದರಲ್ಲಿ ನೀವಿಬ್ಬರೇ, ನಿಮ್ಮ ಕೈ ದೊಡ್ಡದಾದ್ದರಿಂದ ನಿಮಗೆ. ಮಾವನವರ ಉಳಿದ 30 ಬೀಜಕ್ಕೆ ಎದುರು ನಿಂತವರೇ ಇಲ್ಲ, ಅದು ಅವರಿಗೇ ವಾಪಸ್.

ಎರಡು ತಟ್ಟೆ ಇಟ್ಟುಕೊಳ್ಳಿ. ಯಾರಾದರೂ ಕಡಿಮೆ ಬೀಜದಲ್ಲಿ ಆಲ್ ಇನ್ ಅಂದ ತಕ್ಷಣ ಮೇನ್ ಪಾಟ್ ಎಣಿಸಿ ಒಂದು ತಟ್ಟೆಗೆ ಹಾಕಿಬಿಡಿ. ಮುಂದಿನ ಬೀಜವೆಲ್ಲ ಇನ್ನೊಂದು ತಟ್ಟೆಗೆ. ಎಲ್ಲವನ್ನೂ ಮಧ್ಯದಲ್ಲಿ ಗುಡ್ಡೆ ಹಾಕಿ ಆಮೇಲೆ ಲೆಕ್ಕ ಹಿಡಿಯಲು ಹೋದರೆ ಆಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಇನ್ನೆರಡು ಮಾತು. ಬ್ಲೈಂಡ್, ಅಂದರೆ ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಇಡುವ ಸಣ್ಣ ಮತ್ತು ದೊಡ್ಡ ಮೊತ್ತ, ಕಟ್ಟಿದವರೂ ಆಮೇಲೆ ತಮ್ಮ ಎಲೆ ನೋಡಬಹುದು. ತೀನ್ ಪತ್ತಿಯಿಂದ ಬಂದವರು ಸುಮಾರು ಜನ ನೋಡದೆ ಕೂರುತ್ತಾರೆ. ಇನ್ನು ರೇಸ್, ಅಂದರೆ ಬೆಟ್ ಏರಿಸುವುದು. ದೊಡ್ಡ ಬ್ಲೈಂಡ್ 2 ಬೀಜ ಇದ್ದು ಒಬ್ಬರು 6ಕ್ಕೆ ಏರಿಸಿದರೆ, ಏರಿಸಿದ್ದು 4. ಮುಂದಿನವರು ಏರಿಸುವುದಾದರೆ ಕನಿಷ್ಠ ಇನ್ನೂ 4 ಸೇರಿಸಿ 10 ಮಾಡಬೇಕು. ಏಳು, ಎಂಟು ಅಂತ ಒಂದೊಂದೇ ಬೀಜ ಉದುರಿಸುವ ಹಾಗಿಲ್ಲ.

ಬಟವಾಡಿ ಮಹಡಿ, ತುಮಕೂರು:

ಇಬ್ಬರಿಗೂ ತುಂಬ ಥ್ಯಾಂಕ್ಸ್. 44 ಎಲೆಯ ಲೆಕ್ಕವನ್ನು ಮಾವನಿಗೆ ಎಲೆ ಹರಡಿಯೇ ತೋರಿಸಿದೆ. ಒಂದೊಂದೇ ರಾಣಿ, ಗುಲಾಮ, ಹತ್ತು ಎತ್ತಿಟ್ಟು ಎಣಿಸಿದರು, ಒಪ್ಪಿಕೊಂಡರು. ತಟ್ಟೆಯೂ ಬಂತು.

ಈಗ ಇನ್ನೆರಡು ಪ್ರಶ್ನೆ. ಕೊನೆಗೆ ಇಬ್ಬರೇ ಉಳಿದಾಗ ಸಣ್ಣ ಬ್ಲೈಂಡ್ ಯಾರದು, ಯಾರು ಮೊದಲು ಆಡಬೇಕು? ನಾವು ಪ್ರತಿ ಸಲವೂ ತಡವರಿಸುತ್ತೇವೆ. ಇನ್ನೊಂದು, ದುಡ್ಡು ಕಟ್ಟಿ ಆಡುವ ಆಪ್ ಹಾಕಿಕೊಂಡರೆ ಬೇಗ ಕಲಿಯಬಹುದು ಅಂತ ತಮ್ಮ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಏನು ಹೇಳಲಿ?

ಚಿಂತಾಮಣಿಯವ:

ಆಪ್ ಬೇಡ ಅನ್ನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಕೌಶಲದ ಆಟ ಅಂದರೂ ವಿನಾಯಿತಿ ಇಲ್ಲ. ಇಷ್ಟಾದ ಮೇಲೂ ದುಡ್ಡು ಕೇಳುವ ಆಪ್ ಇದ್ದರೆ ಅದನ್ನು ನಂಬಿ ದುಡ್ಡು ಹಾಕಬಾರದು. ತಮ್ಮನಿಗೆ ಬೇಗ ಕಲಿಯುವ ಆಸೆ ಇದ್ದರೆ ಒಂದು ಕಟ್ಟು ಎಲೆ ಕೊಡಿ. ಆರು ಜನಕ್ಕೆ ಹಂಚಿದ ಹಾಗೆ ಎಲೆ ತೆರೆದೇ ಹಾಕಿ, ಐದು ಎಲೆ ನೆಲಕ್ಕೆ ಬಿಟ್ಟು, ಯಾರು ಗೆದ್ದರು ಅಂತ ತಕ್ಷಣ ಹೇಳಲಿ. ಮತ್ತೆ ಕಲಸಿ ಮತ್ತೆ ಹಾಕಲಿ. ನೆಲದ ಎಲೆ ಓದುವ ಕಣ್ಣು ಇದರಿಂದ ಬೇಗ ಪಳಗುತ್ತದೆ.

ಅಂತರಗಂಗೆ, ಕೋಲಾರ:

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಾಗೆ ಹಂಚುವಾಗ ಕೈಗೆ ಜೋಡಿ ಎಷ್ಟು ಸಲ ಬರುತ್ತದೆ ನೋಡಲಿ. ಸರಾಸರಿ 17 ಕೈಗೆ ಒಂದು. ಆ ಜೋಡಿಗೆ ಫ್ಲಾಪ್‌ನಲ್ಲಿ ಅದೇ ಅಂಕೆಯ ಮೂರನೇ ಎಲೆ ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಂದು. ಬಂದ ಕೈಯನ್ನೆಲ್ಲ ಆಡುವ ತೀನ್ ಪತ್ತಿಯ ಚಟ ಈ ಲೆಕ್ಕ ಕಣ್ಣಿಗೆ ಬಿದ್ದರೆ ತಾನಾಗೇ ಬಿಡುತ್ತದೆ.

ಇಬ್ಬರೇ ಉಳಿದಾಗ ನಿಯಮ ಸ್ವಲ್ಪ ಬದಲಾಗುತ್ತದೆ, ಎಲ್ಲರೂ ತಡವರಿಸುವುದು ಅಲ್ಲೇ. ಡೀಲರ್ ಬಟನ್ (ಹಂಚುವ ಸರದಿ ಯಾರದು ಅಂತ ತೋರಿಸುವ ಬಿಲ್ಲೆ) ಯಾರ ಮುಂದಿದೆಯೋ ಅವರೇ ಸಣ್ಣ ಬ್ಲೈಂಡ್ ಕಟ್ಟುತ್ತಾರೆ. ಫ್ಲಾಪ್‌ಗೆ ಮುಂಚೆ ಅವರೇ ಮೊದಲು ಆಡಬೇಕು. ಫ್ಲಾಪ್ ಬಿದ್ದ ಮೇಲೆ ಉಲ್ಟಾ, ಟರ್ನ್, ರಿವರ್ ಎರಡರಲ್ಲೂ ಎದುರಿನವರು ಮೊದಲು, ಬಟನ್ ಇರುವವರು ಕೊನೆಗೆ. ಬಟನ್‌ಗೆ ಕೇರಂ ಸ್ಟ್ರೈಕರ್ ಇಟ್ಟುಕೊಳ್ಳಿ, ಬೀಜದ ಜೊತೆ ಬೆರೆಯಲ್ಲ. ಪ್ರತಿ ಆಟ ಮುಗಿದ ಕೂಡಲೇ, ಎಲೆ ಕಲಸುವ ಮುಂಚೆಯೇ, ಅದನ್ನು ಪಕ್ಕದವರಿಗೆ ದಾಟಿಸಿ.