ಸಹಾಯ ಬೇಕು: 1969ರ ಪಗೋಡಾನೋ, 1995ರ ಎಸ್‌ಎಲ್ 320 ನೋ?

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಈಗ ಹಳೆಯ ಮರ್ಸಿಡಿಸ್ ಎಸ್‌ಎಲ್ (ಟಾಪ್ ತೆಗೆಯಬಹುದಾದ ಸ್ಪೋರ್ಟ್ಸ್ ಕಾರು) ಒಂದನ್ನು ಕೊಳ್ಳಲು ಹೊರಟಿದ್ದೇನೆ. ಮನಸ್ಸು ಎರಡು ಗಾಡಿಗಳ ನಡುವೆ ಸಿಕ್ಕಿಕೊಂಡಿದೆ.

ಒಂದು 1969ರ 280 ಎಸ್‌ಎಲ್, ಅದೇ 'ಪಗೋಡಾ'. ನಡುವೆ ತಗ್ಗಾಗಿರುವ ಆ ಟಾಪ್‌ನಿಂದ ಕಣ್ಣು ಕೀಳುವುದಕ್ಕೇ ಆಗುವುದಿಲ್ಲ. ಆದರೆ ತುಕ್ಕಿನ ಭಯ. ಹೋದ ವಾರ ನೋಡಿದ ಒಂದು ಗಾಡಿಯಲ್ಲಿ, ಬಾಗಿಲ ಕೆಳಗಿನ ಪಟ್ಟಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದೆ. ಒಂದು ಗೇಣು ಉದ್ದಕ್ಕೂ ಅಂಟಲೇ ಇಲ್ಲ. ಮೇಲೆ ಪೇಂಟ್ ಹೊಳೆಯುತ್ತಿತ್ತು, ಒಳಗೆ ಬರೀ ಪುಟ್ಟಿ. ತುಂಬಾ ಬೇಜಾರಾಯಿತು.

ಇನ್ನೊಂದು 1995ರ ಎಸ್‌ಎಲ್ 320, ಆರ್129 ಮಾದರಿ. ಬೆಲೆ ಎಷ್ಟೋ ಕಡಿಮೆ. ಪಗೋಡಾದ್ದು 170 ಕುದುರೆಶಕ್ತಿ, ಇದರದ್ದು 231. 30 ವರ್ಷ ತುಂಬಿದೆ, ಸ್ಥಿತಿ ಚೆನ್ನಾಗಿದ್ದರೆ ಹಳೆಯ ಗಾಡಿಗಳ 'ಎಚ್' ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಆ ವರ್ಷಗಳ ಎಂಜಿನ್ ವೈರಿಂಗ್‌ನ ಹೊದಿಕೆ ಬಿಸಿಗೆ ಪುಡಿಪುಡಿ ಆಗುತ್ತದೆ, ಅಲ್ವಾ?

ಪಗೋಡಾ ಇಟ್ಟುಕೊಂಡವರು ಯಾರಾದರೂ ಇದ್ದೀರಾ? ಗಾಡಿ ಮೇಲೆತ್ತಿಸಿದಾಗ ಮೊದಲು ಎಲ್ಲಿ ನೋಡಬೇಕು? ಆರ್129ರಲ್ಲಿ ಹೊಸ ವೈರಿಂಗ್ ಹಾಕಿಸಿದ್ದಾರಾ ಅಂತ ಗುರುತಿಸುವುದು ಹೇಗೆ? ಸುಮ್ನೆ ಶೆಡ್‌ನಲ್ಲಿ ನಿಲ್ಲಿಸುವುದಕ್ಕಲ್ಲ, ಭಾನುವಾರ ಮನೆಯವಳ ಜೊತೆ ಓಡಿಸುವುದಕ್ಕೆ ಬೇಕು. ಶನಿವಾರ ನೋಡಲು ಹೋಗುತ್ತಿದ್ದೇನೆ, ಅಷ್ಟರೊಳಗೆ ಹೇಳಿದರೆ ದೊಡ್ಡ ಉಪಕಾರ.