ಲೋಮ್, ಸಿಲ್ಟ್, ಟೆಕ್ಸ್ಚರ್: ‘ಗೋಡು’ ಯಾವುದಕ್ಕೆ?

ಮಾನ್ಯರೇ,
ರೈತರಿಗಾಗಿ ಮಣ್ಣು ಪರೀಕ್ಷೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಯಾಂಡಿ ಲೋಮ್’ಗೆ ಕರಪತ್ರಗಳಲ್ಲಿ ‘ಮರಳು ಮಿಶ್ರಿತ ಗೋಡು ಮಣ್ಣು’ ಎಂದಿರುತ್ತದೆ. ಆದರೆ ಹಳ್ಳಿಯಲ್ಲಿ ಗೋಡು ಎಂದರೆ ಕೆರೆಯಿಂದ ಎತ್ತಿ ಹೊಲಕ್ಕೆ ಹೊಡೆಸುವ ಮಣ್ಣು. ಸಿಲ್ಟ್‌ಗೆ ‘ಹೂಳು’ ಆಗಬಹುದೇ? ಟೆಕ್ಸ್ಚರ್‌ಗೆ ‘ರಚನೆ’ ಎಂದರೆ ಸ್ಟ್ರಕ್ಚರ್‌ಗೆ ಏನೆನ್ನುವುದು?

ಉತ್ತರ 1
ಹೂಳು ಬೇಡ ಮೇಡಂ. ಅದು ನೀರು ತಂದು ಕೂಡಿಸಿದ್ದರ ಹೆಸರು, ಕಣದ ಗಾತ್ರದ್ದಲ್ಲ. ಸಿಲ್ಟ್ ಎಂದರೆ 0.05ರಿಂದ 0.002 ಮಿ.ಮೀ. ನಡುವಿನ ಕಣ. ಇದು ಅಮೆರಿಕದ ಕೃಷಿ ಇಲಾಖೆಯ ಅಳತೆ. ಅಂತಾರಾಷ್ಟ್ರೀಯ ಅಳತೆಯಲ್ಲಿ ಮೇಲಿನ ಮಿತಿ 0.02. ನಿಮ್ಮ ಮೂಲ ಯಾವುದನ್ನು ಹಿಡಿದಿದೆ ನೋಡಿಕೊಳ್ಳಿ. ಅದಕ್ಕಿಂತ ದಪ್ಪ, 2 ಮಿ.ಮೀ.ವರೆಗಿನದು ಮರಳು, ಸಣ್ಣದು ಜೇಡಿ. ಕೆರೆಯ ಹೂಳಿನಲ್ಲಿ ಎಷ್ಟೋ ಕಡೆ ಜೇಡಿಯೇ ಹೆಚ್ಚು. ಮಸಾರಿ (ಕೆಂಪು ಮರಳು ಮಣ್ಣಿನ) ಹೊಲಕ್ಕೆ ಅದನ್ನು ಹೊಡೆದಾಗ ತೇವ ನಿಲ್ಲುವುದು ಆ ಜೇಡಿಯಿಂದ. ಬರೀ ಸಿಲ್ಟ್ ಆಗಿದ್ದರೆ ಮಳೆ ಬಿದ್ದು ಒಣಗಿದಾಗ ಮೇಲ್ಮಣ್ಣು ಹಕ್ಕಳೆಗಟ್ಟಿ, ರಾಗಿ ಸಜ್ಜೆಯಂಥ ಸಣ್ಣ ಬೀಜದ ಮೊಳಕೆ ಮೇಲೇಳಲಾರದು. ಸಿಲ್ಟ್‌ಗೆ ‘ರೇವೆ’ ಬಳಸಿ, ಮೊದಲ ಸಲ ಬರುವಲ್ಲಿ ಗಾತ್ರ ಕೊಡಿ.

ಲೋಮ್‌ಗೆ ‘ಗೋಡುಮಣ್ಣು’ ಬೇರೂರಿಬಿಟ್ಟಿದೆ, ಕೀಳುವುದು ಕಷ್ಟ. ಕೆರೆಯದನ್ನು ‘ಕೆರೆಗೋಡು’ ಎಂದೇ ಪೂರ್ತಿ ಬರೆಯಿರಿ. ಬರೀ ‘ಗೋಡು’ ಎಲ್ಲೂ ಬೇಡ. ಲೋಮ್ ಎಂದರೆ ‘ಮರಳು, ರೇವೆ, ಜೇಡಿ ಮೂರೂ ಸಮಪಾಲು ಇರುವ ಮಣ್ಣು’ ಎಂಬ ವಿವರಣೆಯೂ ತಪ್ಪು. ಮರಳು 40, ರೇವೆ 40, ಜೇಡಿ 20 ಶೇಕಡದ ಸುಮಾರಿಗೆ ಇದ್ದರೆ ಗೋಡುಮಣ್ಣು. ಜೇಡಿ ಕಡಿಮೆಯಿದ್ದರೂ ಕಣಗಳ ಮೇಲ್ಮೈ ಅಪಾರ, ನೀರನ್ನೂ ಪೋಷಕಾಂಶವನ್ನೂ ಹೆಚ್ಚಾಗಿ ಹಿಡಿಯುವುದು ಅದೇ.

ಟೆಕ್ಸ್ಚರ್ ಎಂದರೆ ಮರಳು, ರೇವೆ, ಜೇಡಿ ಎಷ್ಟೆಷ್ಟು ಪಾಲಿವೆ ಎಂಬುದು, ಅದಕ್ಕೆ ‘ಕಣಪ್ರಮಾಣ’; ಸ್ಟ್ರಕ್ಚರ್ ಎಂದರೆ ಆ ಕಣಗಳು ಕೂಡಿಕೊಂಡಿರುವ ಬಗೆ, ಅದಕ್ಕೆ ‘ಕಣಜೋಡಣೆ’ ಎನ್ನಬಹುದು. ಎರಡಕ್ಕೂ ‘ರಚನೆ’ ಎಂದರೆ ‘ಗೊಬ್ಬರದಿಂದ ರಚನೆ ಸುಧಾರಿಸುತ್ತದೆ, ರಚನೆ ಬದಲಾಗದು’ ಎಂಬ ವಾಕ್ಯ ಬರೆಯಬೇಕಾದೀತು! ‘ಹದ’ವನ್ನೂ ತರಬೇಡಿ, ಅದು ಉಳುಮೆಗೆ ಒದಗುವ ತೇವದ ಮಾತು.

ಬಾಟಲಿ ಪರೀಕ್ಷೆಯ ಪುಟವಿದ್ದರೆ ಈ ಪದಗಳು ಅಲ್ಲೇ ಒರೆಗೆ ಬೀಳುತ್ತವೆ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಮೇಲೆ ನೀರು, ಒಂದು ಚಮಚ ಬಟ್ಟೆ ಸೋಪಿನ ಪುಡಿ. ಹತ್ತು ನಿಮಿಷ ಚೆನ್ನಾಗಿ ಕುಲುಕಿ ಇಟ್ಟರೆ ಒಂದು ನಿಮಿಷದಲ್ಲಿ ಮರಳು, ಎರಡು ಗಂಟೆಯಲ್ಲಿ ರೇವೆ, ಒಂದೆರಡು ದಿನಕ್ಕೆ ಜೇಡಿ ಕೂರುತ್ತದೆ. ಪ್ರತಿ ಹಂತದಲ್ಲೂ ಗೆರೆ ಎಳೆಯಬೇಕು. ಸೋಪಿನ ಪುಡಿ ಬಿಟ್ಟರೆ ಜೇಡಿ ಗುಂಪುಗಟ್ಟಿ ಬೇಗ ಕೂತು ರೇವೆಯ ಲೆಕ್ಕಕ್ಕೆ ಸೇರುತ್ತದೆ. ತೇಲುವ ಕಸಕಡ್ಡಿ ಲೆಕ್ಕಕ್ಕಿಲ್ಲ.

ಉತ್ತರ 2
ಮೇಲಿನದಕ್ಕೆ ಒಂದು ಸೇರ್ಪಡೆ: ಜೇಡಿ ಎನ್ನಬೇಕಾದಲ್ಲಿ ‘ಎರೆ’ (ಕಪ್ಪು ಮಣ್ಣು) ಬರೆಯಬೇಡಿ. ಎರೆ ಉಬ್ಬಿ ಕುಗ್ಗಿ ಬಿರುಕು ಬಿಡುವುದು ಅದರಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿಯಿಂದ. ಕೆಂಪು ಹೊಲದಲ್ಲೂ ಜೇಡಿ 40 ಶೇಕಡ ದಾಟಬಹುದು, ಆದರೆ ಅಲ್ಲಿ ಹೆಚ್ಚಾಗಿ ಅಷ್ಟು ಉಬ್ಬದ ಕೆಯೊಲಿನೈಟ್ ಜಾತಿಯ ಜೇಡಿ ಇರುವುದರಿಂದ ಅಂಥ ಬಿರುಕು ಕಾಣದು. ಕಣಪ್ರಮಾಣದ ಕೋಷ್ಟಕದಲ್ಲಿ ಮಾತ್ರ ಎರೆಯೂ ಇಂಥ ಕೆಂಪು ಮಣ್ಣೂ ಒಂದೇ ಸಾಲಿಗೆ ಬರುತ್ತವೆ.