ಪೋಕರ್: ಎದುರಾಳಿಯ ಮುಖ ನೋಡ್ಬೇಕೋ, ಚಿಪ್ ನೋಡ್ಬೇಕೋ? ಟರ್ನ್‌ನಲ್ಲಿ ರೇಸ್, ರಿವರ್‌ನಲ್ಲಿ 500, ಕೈ ಬೇರೆ ನಡುಗ್ತಿತ್ತು

ಮಂಡಕ್ಕಿ_ಮಿರ್ಚಿ, ದಾವಣಗೆರೆ

ವಿದ್ಯಾನಗರದಲ್ಲಿ ಭಾನುವಾರ ಸಂಜೆ ಏಳು ಜನರ ಟೇಬಲ್. ನೋ ಲಿಮಿಟ್ ಹೋಲ್ಡೆಮ್ (ಕೈಲಿ ಎರಡು ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿ ಐದು ಎಲೆ), ತಲೆಗೆ 1000 ಚಿಪ್, ಬ್ಲೈಂಡ್ (ಎಲೆ ನೋಡೋ ಮುಂಚೆ ಇಬ್ಬರು ಹಾಕಲೇಬೇಕಾದ ಚಿಪ್) 5/10. ದುಡ್ಡಿನ ವ್ಯವಹಾರ ಇಲ್ಲ, ಮೊದಲು ಚಿಪ್ ಖಾಲಿ ಮಾಡ್ಕೊಂಡವರು ಮುಂದಿನ ವಾರ ತಿಂಡಿ ತರಬೇಕು, ಅಷ್ಟೇ. ಹೆಚ್ಚಿನವರು ಮೊದಲಿಂದ ಮೂರೆಲೆ (ತೀನ್ ಪತ್ತಿ) ಆಡಿ ಬಂದವರು.

ಈ ಹ್ಯಾಂಡ್ ನೋಡಿ ಹೇಳಿ. ಎದುರಾಳಿ ನಡು ಸೀಟಿನಿಂದ ಸುಮ್ನೆ 10 ಹಾಕಿ ಒಳಗೆ ಬಂದ್ರು. ಬಟನ್‌ನಲ್ಲಿದ್ದ (ಫ್ಲಾಪ್‌ನಿಂದ ಕೊನೆಗೆ ಸರದಿ ಬರೋ ಸೀಟು) ನನ್ನ ಕೈಲಿ ಡೈಮಂಡ್ ರಾಜ, ಇಸ್ಪೀಟ್ ರಾಣಿ, 40ಕ್ಕೆ ಏರಿಸಿದೆ. ಬ್ಲೈಂಡ್ ಇಬ್ಬರೂ ಬಿಟ್ರು, ಅವರು ಕಾಲ್ (ಅಷ್ಟಕ್ಕೇ ಸರಿ ಮಾಡಿದ್ರು). ಪಾಟ್ (ನಡುವೆ ಸೇರಿದ ಚಿಪ್) 95.
ಫ್ಲಾಪ್ (ಟೇಬಲ್ ಮೇಲಿನ ಮೊದಲ ಮೂರು ಎಲೆ): ಕಳಾವರ್ ರಾಜ, ಆಟೀನ್ 9, ಆಟೀನ್ 4. ಅವರು ಚೆಕ್ (ಏನೂ ಹಾಕದೆ ಸರದಿ ದಾಟಿಸಿದ್ರು), ನಾನು 60, ಅವರು ಕಾಲ್. ಪಾಟ್ 215.
ಟರ್ನ್ (ನಾಲ್ಕನೇ ಎಲೆ): ಇಸ್ಪೀಟ್ 2. ಅವರು ಚೆಕ್, ನಾನು 120, ಅವರು ರೇಸ್ ಮಾಡಿ 240ಕ್ಕೆ ಏರಿಸಿದ್ರು. ನಾನು ಕಾಲ್. ಪಾಟ್ 695.
ರಿವರ್ (ಐದನೇ, ಕೊನೇ ಎಲೆ): ಡೈಮಂಡ್ 7. ಅವರು 500 ತಳ್ಳಿದ್ರು.

ಚಿಪ್ ಇಡುವಾಗ ಅವರ ಬೆರಳು ನಡುಗ್ತಿತ್ತು. ಇಟ್ಟ ಮೇಲೆ ನನ್ನ ಕಡೆ ನೋಡಲೇ ಇಲ್ಲ, ಗೋಡೆ ಕಡೆ ನೋಡ್ಕೊಂಡು ಕೂತ್ರು. ಆಟೀನ್ ಕಲರ್ (ಐದೂ ಆಟೀನ್) ಆಗದೆ ಹೋಗಿದೆ, ಹೆದರಿ ಬ್ಲಫ್ ಹೊಡೀತಿದ್ದಾರೆ ಅಂತ ಓದ್ಬೇಕಾ? ಕಾಲ್ ಸರಿಯೋ, ಪ್ಯಾಕ್ ಸರಿಯೋ? ಯಾವುದನ್ನ ಮೊದಲು ನೋಡ್ಬೇಕು ಅನ್ನೋದೇ ಗೊಂದಲ.

ಏಳುಸುತ್ತು, ಚಿತ್ರದುರ್ಗ

ಪ್ಯಾಕ್. ಗೋಡೆಯನ್ನೂ ಬೆರಳನ್ನೂ ಪಕ್ಕಕ್ಕಿಟ್ಟು ಮೊದಲು ಲೆಕ್ಕ ನೋಡೋಣ.

ನೀವು 500 ಹಾಕಿದರೆ ಒಟ್ಟು ಪಾಟ್ 1695. 500 ಭಾಗಿಸು 1695, ಅಂದರೆ ಸುಮಾರು 29.5%. ಅಷ್ಟು ಸಲವಾದರೂ ಅವರ ಕೈ ನಿಮ್ಮದಕ್ಕಿಂತ ಕೆಳಗಿದ್ದರೆ ಮಾತ್ರ ಕಾಲ್‌ಗೆ ಅರ್ಥ. ಈಗ ನಿಮ್ಮನ್ನು ಸೋಲಿಸುವ ಮುಖ್ಯ ಕೈಗಳನ್ನು ಎಣಿಸಿ. ಜೋಡಿ 9 ಇಟ್ಕೊಂಡಿದ್ದರೆ ಮೂರು ಬಗೆ, ಜೋಡಿ 4 ಇದ್ದರೆ ಮೂರು ಬಗೆ. ರಾಜ-9: ಉಳಿದಿರೋದು ಎರಡು ರಾಜ, ಮೂರು ಒಂಬತ್ತು, ಹಾಗಾಗಿ ಆರು ಬಗೆ. ಒಟ್ಟು ಹನ್ನೆರಡು. ಎಕ್ಕ-ರಾಜ ಬಿಟ್ಟಿದ್ದೇನೆ, ಅದಿದ್ದಿದ್ದರೆ ಫ್ಲಾಪ್‌ಗೂ ಮುಂಚೆಯೇ ಏರಿಸುತ್ತಿದ್ದರು. ಹನ್ನೆರಡರ ಎದುರು 29.5% ಬರಬೇಕಾದರೆ ಬ್ಲಫ್ ಆಗಿರಬಹುದಾದ ಕೈ ಸುಮಾರು ಐದು ಬೇಕು. ಕಾಗದದ ಮೇಲೆ ತಪ್ಪಿಹೋದ ಆಟೀನ್ ಕೈಗಳು ಐದಕ್ಕಿಂತ ಎಷ್ಟೋ ಜಾಸ್ತಿ ಇವೆ, ನಿಜ. ಆದರೆ ಪ್ರಶ್ನೆ ಅದಲ್ಲ. ಈ ಮನುಷ್ಯ ಕಲರ್‌ಗೆ ಕಾಯುತ್ತಾ ಟರ್ನ್‌ನಲ್ಲಿ ರೇಸ್ ಮಾಡಿ, ಅದು ಬರದೆ ಹೋದ ಮೇಲೆ ಮತ್ತೆ 500 ಹಾಕಿದ್ದನ್ನು ನಿಮ್ಮ ಟೇಬಲ್‌ನಲ್ಲಿ ಯಾರಾದರೂ ನೋಡಿದ್ದಾರಾ? ನೋಡಿಲ್ಲ ಅಂದರೆ ಆ ಕೈಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮನೆ ಆಟದಲ್ಲಿ ಕಲರ್‌ಗೆ ಕಾಯೋರು ಸಾಮಾನ್ಯವಾಗಿ ಚೆಕ್-ಕಾಲ್ ಮಾಡುತ್ತಾ ಕೂರುತ್ತಾರೆ, ಬರದಿದ್ದರೆ ಎಲೆ ಎಸೆದು ಎದ್ದು ನೀರು ಕುಡಿಯುತ್ತಾರೆ.

ಮೂರೆಲೆಯಿಂದ ಬಂದವರು ಅಂದಿರಲ್ಲ, ಇಡೀ ಪ್ರಶ್ನೆಯಲ್ಲಿ ಅತ್ಯಂತ ಉಪಯುಕ್ತ ಮಾಹಿತಿ ಅದೇ. ಮೂರೆಲೆಯಲ್ಲಿ ಚೆಕ್ ಅನ್ನೋದಿಲ್ಲ, ಚಾಲ್ (ಬೆಟ್) ಹಾಕು ಇಲ್ಲಾ ಪ್ಯಾಕ್ ಮಾಡು. ಚಾಲ್ ಏರಿಸೋದಿದ್ದರೂ ಡಬಲ್‌ವರೆಗೆ ಮಾತ್ರ. ಆ ರೂಢಿ ಇಲ್ಲಿಗೂ ಬರುತ್ತದೆ. ಹಾಗಾಗಿ 120ಕ್ಕೆ 240 ಅನ್ನೋ ಅಳತೆಯಿಂದ ನಿಮಗೆ ಏನೂ ತಿಳಿಯೋದಿಲ್ಲ, ಅವರಿಗೆ ರೇಸ್ ಅಂದರೇ ಡಬಲ್. ತಿಳಿಯೋದು ಎರಡು ವಿಷಯದಿಂದ: ಕಾಲ್ ಮಾಡಿ ಸುಮ್ಮನಿರಬಹುದಾಗಿದ್ದ ಟರ್ನ್‌ನಲ್ಲಿ ಏರಿಸಿದರು ಅನ್ನೋದು, ಮತ್ತು ರಿವರ್‌ನಲ್ಲಿ ಡಬಲ್ ಲೆಕ್ಕ ಬಿಟ್ಟು ಏಕಾಏಕಿ 500ಕ್ಕೆ ಹೋದರು ಅನ್ನೋದು. ಮನುಷ್ಯ ತನ್ನ ರೂಢಿ ಬಿಟ್ಟ ಕಡೆ ಕಣ್ಣಿಡಿ.

ಇನ್ನೊಂದು. ಮೂರೆಲೆಯಲ್ಲಿ ಕೈಗೆ ಬಂದ ಎಲೆ ಕೊನೆತನಕ ಅದೇ. ಮೊದಲ ಸಲ ಎಲೆ ನೋಡಿದಾಗ ಮುಖ ಅರಳಿದ್ದರೆ ಶೋವರೆಗೂ ಅದು ಸತ್ಯ. ಹೋಲ್ಡೆಮ್‌ನಲ್ಲಿ ಆ ಸಂತೋಷದ ಆಯಸ್ಸು ಫ್ಲಾಪ್‌ವರೆಗೆ ಮಾತ್ರ. ರಾಣಿ ಜೋಡಿ ಹಿಡಿದು ನಕ್ಕವರು ಎಕ್ಕ-ರಾಜ ಬಿದ್ದ ಫ್ಲಾಪ್ ಮೇಲೆ ಬಡವರೇ.

ಕಳಾವರ್_ಗುಲಾಮ, ದಾವಣಗೆರೆ

ಏಳುಸುತ್ತು ಅವರ ಲೆಕ್ಕ ಸರಿ ಐತ್ರಿ. ಆದ್ರೆ ಬೆರಳನ್ನ ಪಕ್ಕಕ್ಕೆ ಇಡೋದು ಬ್ಯಾಡ, ಅದೂ ಅದನ್ನೇ ಹೇಳ್ತೈತಿ.

ನಡುಕ ಅಂದ್ರೆ ಹೆದರಿಕೆ ಅಂತ ಓದೋದೇ ಬಹಳ ಜನ ಮಾಡೋ ತಪ್ಪು. ದೊಡ್ಡ ಕೈ ಬಂದಾಗ ಮೈಯಾಗ ಅಡ್ರಿನಲಿನ್ ಏರ್ತೈತಿ, ಬೆರಳು ತಡೆಯೋದಿಲ್ಲ. ಬ್ಲಫ್ ಹೊಡೆಯೋನು ಉಲ್ಟಾ: ಬಿಗಿಯಾಗ್ತಾನ, ಉಸಿರು ಮೇಲೆ ಹಿಡಿದಿರ್ತಾನ, ಬಾಯಿ ಮುಚ್ಚಿಕೊಂಡು ಗೊಂಬಿ ಆಗ್ತಾನ. ಇಷ್ಟೊತ್ತು ಕೈ ಸ್ಥಿರವಾಗಿದ್ದೋರು ರಿವರ್‌ನ್ಯಾಗ ನಡುಗಿದ್ರೆ ನಿಮ್ಮ ಒಂದು ಜೋಡಿ ರಾಜ ತಗೊಂಡು ಸುಮ್ನೆ ಹಿಂದಕ್ಕ ಸರೀರಿ. ಒಂದು ಪರೀಕ್ಷೆ ಮಾತ್ರ ಮೊದಲೇ ಮಾಡ್ಕೋರಿ: ಅವರು ಚಹಾ ಲೋಟ ಎತ್ತುವಾಗ ಕೈ ಹೆಂಗಿರ್ತೈತಿ? ಲೋಟಕ್ಕೂ ನಡುಗ್ತಿದ್ರೆ ಅದು ವಯಸ್ಸೋ, ಮೂರನೇ ಚಹಾನೋ ಇರಬೇಕು, ಎಲೆಗೆ ಸಂಬಂಧ ಇಲ್ಲ. ಹೊಸದಾಗಿ ಆಡಕ್ಕ ಬಂದೋರು ಯಾವ ದೊಡ್ಡ ಪಾಟ್‌ಗಾದ್ರೂ ನಡುಗ್ತಾರ, ಅವರನ್ನೂ ಬಿಡ್ರಿ.

ಗೋಡೆ ನೋಡಿದ್ದೂ ಅದೇ ಕಥಿ. ನಿಮ್ಮನ್ನ ಹೆದರಿಸಬೇಕು ಅನ್ನೋರು ನಿಮ್ಮ ಕಣ್ಣಾಗ ಕಣ್ಣಿಟ್ಟು ನೋಡ್ತಾರ. ನೀವು ಕಾಲ್ ಮಾಡ್ಲಿ ಅನ್ನೋರು ತಮಗೇನೂ ಬೇಕಾಗಿಲ್ಲ ಅನ್ನೋ ಹಂಗ ಬ್ಯಾರೆ ಕಡೆ ತಿರುಗ್ತಾರ. ನಾಟಕ ಮಾಡೋರು ಇದ್ದದ್ದರ ವಿರುದ್ಧ ಮಾಡ್ತಾರ: ನಿಟ್ಟುಸಿರು ಬಿಟ್ಟು, "ಇರ್ಲಿ ಬಿಡ್ರಿ, ಹೋದ್ರ ಹೋಗ್ಲಿ" ಅಂತ ಹೆಗಲು ಕುಣಿಸಿ ಚಿಪ್ ಹಾಕಿದ್ರೆ ಓಡ್ರಿ.

ನೋಡಬೇಕಾದ ಹೊತ್ತು ಯಾವುದು ಗೊತ್ತೇನ್ರಿ? ಫ್ಲಾಪ್ ಬಿಚ್ಚುವಾಗ ಎಲ್ಲರೂ ಫ್ಲಾಪ್ ನೋಡ್ತಾರ. ನೀವು ನೋಡಬ್ಯಾಡ್ರಿ, ಎಲೆ ಎಲ್ಲಿಗೂ ಓಡಿ ಹೋಗೋದಿಲ್ಲ. ಆ ಎರಡು ಸೆಕೆಂಡ್ ಎದುರಿನವರ ಕಣ್ಣು ನೋಡ್ರಿ. ಫ್ಲಾಪ್ ಮೇಲೆ ಕಣ್ಣು ಹಾಯಿಸಿ ಥಟ್ಟನೆ ತಮ್ಮ ಚಿಪ್ ಕಡೆ ಇಣುಕಿದ್ರೆ ಅಲ್ಲಿ ಏನೋ ಸಿಕ್ಕೈತಿ. ಫ್ಲಾಪನ್ನೇ ದಿಟ್ಟಿಸ್ತಾ ಕೂತ್ರೆ ಬಹಳ ಸಲ ಏನೂ ಸಿಕ್ಕಿಲ್ಲ, ಹುಡುಕ್ತಾ ಅದಾರ. ಹಂಗೇ ನಿಮ್ಮ ಸರದಿ ಇದ್ದಾಗ ನೀವು ಬೆಟ್ ಮಾಡೋ ಮುಂಚೆನೇ ಯಾರಾದ್ರೂ ಕೈತುಂಬ ಚಿಪ್ ಎತ್ತಿ ಹಿಡಿದ್ರೆ, ಅದು "ಹಾಕಬ್ಯಾಡ" ಅನ್ನೋ ಬೆದರಿಕಿ. ಹಾಕ್ರಿ.

ಬಾತಿಗುಡ್ಡ

ಇಬ್ಬರೂ ಒಂದೇ ಕಡೆ ಬಂದಿದ್ದೀರಿ, ಒಳ್ಳೇದು. ಆದರೆ ಎರಡು ದಿಕ್ಕಿಗೆ ಎಳೆದಾಗ ಏನು ಮಾಡಬೇಕು ಅನ್ನೋದೇ ಕಷ್ಟ. ಬೆಟ್ ಒಂದು ಹೇಳಿ, ಮೈ ಇನ್ನೊಂದು ಹೇಳಿದರೆ ನಾನು ಕಣ್ಣುಮುಚ್ಚಿ ಬೆಟ್ ಹಿಡಿಯುತ್ತೇನೆ.

ಮುಖದ ಬಗ್ಗೆ ಒಂದು ಮಾತು. 2013ರಲ್ಲಿ ಅಮೆರಿಕದ ಸಂಶೋಧಕರು 2009ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ವಿಡಿಯೊ ತುಣುಕು ತೋರಿಸಿ, ಆಟಗಾರನ ಕೈ ಎಷ್ಟು ಗಟ್ಟಿ ಊಹಿಸಿ ಅಂತ ಜನರನ್ನು ಕೇಳಿದ್ದರು. ಮುಖ ಮಾತ್ರ ಕಂಡವರ ಊಹೆ ಸುಮ್ಮನೆ ನಾಣ್ಯ ಚಿಮ್ಮಿಸಿದ್ದಕ್ಕಿಂತಲೂ ಕಳಪೆ. ಚಿಪ್ ತಳ್ಳುವ ತೋಳು ಮಾತ್ರ ಕಂಡವರು ಅದಕ್ಕಿಂತ ಮೇಲಿದ್ದರು. ಅನುಭವಿ ಆಟಗಾರರು ಮುಖ ಕಟ್ಟಿಹಾಕಲು ಕಲಿತಿರುತ್ತಾರೆ, ತೋಳಿನ ಚಲನೆ ಬಗ್ಗೆ ಯೋಚನೆ ಮಾಡಿರೋದಿಲ್ಲ. ಹಾಗಂತ ವ್ಯತ್ಯಾಸ ದೊಡ್ಡದೇನಲ್ಲ, ಅದನ್ನೇ ನಂಬಿ 500 ಚಿಪ್ ಹಾಕುವಷ್ಟಿಲ್ಲ.

ಭಾನುವಾರಕ್ಕೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಟೇಬಲ್ ಮೇಲೆ ಬರೆಯಬೇಡಿ, ಮನೆಗೆ ಹೋದ ಮೇಲೆ ನೆನಪಿದ್ದಷ್ಟು. ಶೋ ಆದ ಹ್ಯಾಂಡ್ ಮಾತ್ರ ಬರೆಯಿರಿ, ಮಿಕ್ಕದ್ದು ಊಹೆ. ಯಾವ ಸೀಟು, ಒಳಗೆ ಬಂದಿದ್ದು ಲಿಂಪ್‌ನಿಂದಲೋ (ಏರಿಸದೆ ಬ್ಲೈಂಡ್‌ನಷ್ಟೇ ಹಾಕಿ) ರೇಸ್‌ನಿಂದಲೋ, ಪ್ರತಿ ಸುತ್ತಿನಲ್ಲಿ ಬೆಟ್ ಪಾಟ್‌ನ ಎಷ್ಟನೇ ಭಾಗ, ಕೊನೆಗೆ ತೋರಿಸಿದ ಎಲೆ. ಬೆಟ್ಟನ್ನು ಚಿಪ್ ಲೆಕ್ಕದಲ್ಲಿ ಬರೆದರೆ ಪ್ರಯೋಜನವಿಲ್ಲ. 95ರ ಪಾಟ್‌ಗೆ 50 ಅಂದರೆ ಅರ್ಧ, 400ರ ಪಾಟ್‌ಗೆ ಅದೇ 50 ಅಂದರೆ ಹೆದರಿಕೆ. ಮನೆ ಆಟದಲ್ಲಿ ಎಂಟನೇ ಒಂದು ಭಾಗದ ಅಂಥ ಬೆಟ್ ಬಂದರೆ ನಡು ಜೋಡಿಯೋ, ಅಗ್ಗಕ್ಕೆ ಕಲರ್ ನೋಡೋ ಆಸೆಯೋ ಇರುತ್ತದೆ. ಪಾಟ್‌ನಷ್ಟೇ ಏರಿಸಿ, ಬಹಳ ಸಲ ಬಿಡುತ್ತಾರೆ.

ಕೈಯಲ್ಲೇ ಎಲೆ ಹಂಚುವ ಮನೆ ಆಟದಲ್ಲಿ ಗಂಟೆಗೆ 20-25 ಹ್ಯಾಂಡ್ ಆದರೆ ಹೆಚ್ಚು. ಒಬ್ಬರು ಎಷ್ಟು ಸಲ ಒಳಗೆ ಬರುತ್ತಾರೆ ಅನ್ನೋದು ಒಂದೆರಡು ಸಂಜೆಯಲ್ಲಿ ಗೊತ್ತಾಗುತ್ತದೆ. ರಿವರ್ ಬ್ಲಫ್ ಹೊಡೆಯುತ್ತಾರಾ ಅನ್ನೋದಕ್ಕೆ ತಿಂಗಳುಗಳೇ ಬೇಕು, ಯಾಕೆಂದರೆ ಅಲ್ಲಿವರೆಗೆ ಹೋಗಿ ಶೋ ಆಗುವ ಹ್ಯಾಂಡೇ ಕಡಿಮೆ. ಒಂದೇ ಒಂದು ಬ್ಲಫ್ ಕಂಡು "ಇವನು ಬ್ಲಫ್ ಮಾಸ್ಟರ್" ಅಂತ ಹಣೆಪಟ್ಟಿ ಹಚ್ಚೋರೇ ಆಮೇಲೆ ಆರು ಸಲ ಕಾಲ್ ಮಾಡಿ ತಿಂಡಿ ತರುತ್ತಾರೆ.

ವೇಗದ ಬಗ್ಗೆ ಚುಟುಕಾಗಿ: ಫ್ಲಾಪ್‌ನಲ್ಲಿ ಕಣ್ಣು ಮಿಟುಕಿಸೋದರೊಳಗೆ ಕಾಲ್ ಬಂದರೆ ಬಹುಪಾಲು ಕಲರ್‌ಗೆ ಕಾಯುವ ಕೈ ಅಥವಾ ಸಾಧಾರಣ ಜೋಡಿ. ಗಟ್ಟಿ ಕೈ ಇದ್ದವರು ಏರಿಸಲಾ ಬೇಡವಾ ಅಂತ ಒಂದು ಕ್ಷಣವಾದರೂ ತಡೆಯುತ್ತಾರೆ.

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಮೂವರಿಗೂ ಥ್ಯಾಂಕ್ಸ್ ರೀ. ಟರ್ನ್ ಕಾಲ್ ಮಾಡಿದ್ದೂ ತಪ್ಪಾ ಹಾಗಾದ್ರೆ? ಇನ್ನೆರಡು ಸಂಶಯ. ಫ್ಲಾಪ್‌ನಲ್ಲಿ ಮೂರೂ ಆಟೀನ್ ಬಿದ್ದಾಗ ಒಬ್ಬರು ತಮ್ಮ ಎಲೆ ಮತ್ತೆ ಎತ್ತಿ ನೋಡ್ತಾರೆ, ಅದರರ್ಥ? ಮತ್ತೆ ಇದನ್ನೆಲ್ಲ ಆನ್‌ಲೈನ್‌ನಲ್ಲಿ ಪ್ರಾಕ್ಟೀಸ್ ಮಾಡಬಹುದಾ?

ಏಳುಸುತ್ತು, ಚಿತ್ರದುರ್ಗ

ಟರ್ನ್ ಕಾಲ್ ತಪ್ಪಲ್ಲ. 120 ಹಾಕಿ 695 ಗೆಲ್ಲೋ ಜಾಗದಲ್ಲಿ ಸುಮಾರು 17% ಇದ್ದರೆ ಸಾಕಿತ್ತು. ಆ ಬೆಲೆಗೆ ರಾಜ-ರಾಣಿ ಬಿಡೋ ಹಾಗಿಲ್ಲ. ರಿವರ್‌ನಲ್ಲಿ ಬೆಲೆ ಬದಲಾಯಿತು, ಅಷ್ಟೇ.

ಆನ್‌ಲೈನ್: ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಅದನ್ನೇ ನೆನಪಿಟ್ಟುಕೊಂಡು ಈಗಲೂ ದುಡ್ಡಿನ ಆ್ಯಪ್ ಹುಡುಕೋರಿದ್ದಾರೆ. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ಕೌಶಲದ ಆಟವೋ ಅದೃಷ್ಟದ್ದೋ ಅಂತ ನೋಡದೆ ಹಣ ಕಟ್ಟುವ ಆನ್‌ಲೈನ್ ಆಟವನ್ನೇ ನಿಷೇಧಿಸಿದೆ. ದುಡ್ಡಿಲ್ಲದ ಚಿಪ್ ಆಟದಲ್ಲಿ ಬೆಟ್ ಅಳತೆ ಗಮನಿಸೋದು ಕಲಿಯಬಹುದು, ಆದರೆ ಬಿಟ್ಟಿ ಚಿಪ್‌ಗೆ ಜನ ಸಿಕ್ಕಾಪಟ್ಟೆ ಆಲ್-ಇನ್ ಹೋಗ್ತಾರೆ (ಇದ್ದ ಚಿಪ್ ಎಲ್ಲ ಒಂದೇ ಸಲಕ್ಕೆ ತಳ್ಳಿಬಿಡ್ತಾರೆ). ಅಲ್ಲಿನ ಬ್ಲಫ್ ಲೆಕ್ಕವನ್ನು ನಿಮ್ಮ ಟೇಬಲ್‌ಗೆ ತರಬೇಡಿ.

ಕಳಾವರ್_ಗುಲಾಮ, ದಾವಣಗೆರೆ

ಎಲೆ ಮತ್ತೆ ಎತ್ತಿ ನೋಡಿದ್ರೆ: ಎರಡೂ ಆಟೀನ್ ಇದ್ದೋರಿಗೆ ಅದು ನೆನಪಿರ್ತೈತಿ, ನೋಡೋ ಗರಜಿಲ್ಲ. ನೋಡೋರಿಗೆ ಒಂದು ಕೆಂಪು ಎಲೆ ಐತಿ, ಅದು ಆಟೀನೋ ಡೈಮಂಡೋ ಮರ್ತಾರ. ಅಂದ್ರೆ ಕಲರ್ ಇನ್ನೂ ಆಗಿಲ್ಲ. ನಾಲ್ಕನೇ ಆಟೀನ್ ಬೀಳೋ ಮುಂಚೆ ಒಳ್ಳೆ ಬೆಟ್ ಹಾಕಿ ರೇಟು ಏರಿಸ್ರಿ. ಇದು ತಿಳಿದೋರು ಬೇಕಂತ ನೋಡಿ ಮೋಸ ಮಾಡ್ತಾರ, ನಿಮ್ಮ ಟೇಬಲ್‌ನ್ಯಾಗ ಅಂಥೋರು ಯಾರು ಅಂತ ಗುರುತು ಇಟ್ಕೋರಿ.

ನಿಮ್ಮದನ್ನೂ ಅವರು ಓದ್ತಾ ಇರ್ತಾರ ಅನ್ನೋದು ಮರೀಬ್ಯಾಡ್ರಿ. ನಿಮ್ಮ ಸರದಿ ಬರೋವರೆಗೂ ಎಲೆ ಮುಟ್ಟಬ್ಯಾಡ್ರಿ, ಆ ಹೊತ್ತಿನಾಗ ಬ್ಯಾರೆಯವರು ಎಲೆ ನೋಡೋದನ್ನ ನೋಡ್ರಿ. ಚೆಕ್ ಇರ್ಲಿ, ಬೆಟ್ ಇರ್ಲಿ, ಪ್ಯಾಕ್ ಇರ್ಲಿ, ಮನಸ್ಸಿನಾಗ ಮೂರು ಎಣಿಸಿನೇ ಮಾಡ್ರಿ. ಚಿಪ್ ಒಂದೇ ಕೈಲಿ, ಒಂದೇ ಜಾಗದಾಗ ಇಡ್ರಿ.

ಬಾತಿಗುಡ್ಡ

ಇದಕ್ಕೆ ಸೇರಿಸಬೇಕಾದ್ದು ಒಂದಿದೆ. ಮನೆ ಆಟಗಳಲ್ಲಿ 200 ಇಟ್ಟು, ನಿಮ್ಮ ಮುಖ ನೋಡಿ, ಆಮೇಲೆ ಇನ್ನೊಂದು 300 ಸೇರಿಸೋರು ಇರುತ್ತಾರೆ. ಸ್ಟ್ರಿಂಗ್ ಬೆಟ್ ಅಂದರೆ ಅದೇ, ನಿಯಮದಲ್ಲಿ ಇಲ್ಲ. ನೀವು ಓದುವ ಬದಲು ಅವರೇ ನಿಮ್ಮನ್ನು ಓದಿಬಿಡುತ್ತಾರೆ. ಆಟ ಶುರುವಾಗೋ ಮುಂಚೆ ಎಲ್ಲರೂ ಒಪ್ಪಿಕೊಳ್ಳಿ: ಮೊತ್ತ ಬಾಯಲ್ಲಿ ಹೇಳಬೇಕು, ಇಲ್ಲವೇ ಅಷ್ಟೂ ಚಿಪ್ ಒಂದೇ ಸಲಕ್ಕೆ ಇಡಬೇಕು. ಎದುರಿನ ಬೆಟ್ 120 ಇದ್ದಾಗ ಏನೂ ಹೇಳದೆ 500ರ ಒಂದೇ ಚಿಪ್ ಎಸೆದರೆ ಅದು ಕಾಲ್ ಅಂತಲೇ ಲೆಕ್ಕ, ಚಿಲ್ಲರೆ ವಾಪಸ್.